ಒಂದು ಪೊಟ್ಟಣದ ಬಂಡಾಯ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಅಂಗಿ ಗುಂಡಿ. ಬೆಳಿಗ್ಗೆ ಅಚ್ಚುಕೂಟದಲ್ಲಿ ಪ್ರೂಫ್ ರೀಡರ್ ಜೋರಾಗಿ ಸೀನಿದ್ದೇ ತಡ, ಹೊಟ್ಟೆಯ ಮೇಲಿನ ಗುಂಡಿ ಕವಣೆಕಲ್ಲಿನಂತೆ ಚಿಮ್ಮಿ, ಎದುರಿಗೆ ಪುಸ್ತಕ ಹೊಲಿಯುತ್ತಿದ್ದ ಬೈಂಡಿಂಗ್ ಅಕ್ಕನ ಚಹಾ ಲೋಟಕ್ಕೆ ಬಿತ್ತು.

ಅಕ್ಕ ಗುಂಡಿಯನ್ನು ಚಮಚದಲ್ಲಿ ಎತ್ತಿ ನೋಡಿದಳು. ಆಮೇಲೆ ಅವನ ಹೊಟ್ಟೆ ನೋಡಿದಳು. ಆಮೇಲೆ ಅವನ ಹೆಂಡತಿಗೆ ಫೋನ್ ಮಾಡಿದಳು.

ಹನ್ನೊಂದು ಗಂಟೆಯೊಳಗೆ ಅವನ ಮೇಜಿನ ಖಾನೆಯಿಂದ ಬಿಸ್ಕತ್ತಿನ ಡಬ್ಬಿ ಮಾಯವಾಗಿ, ಅಲ್ಲಿ ಹೆಚ್ಚಿದ ಸೌತೆಕಾಯಿ ಕೂತಿತ್ತು.

“ನನ್ನ ಡಬ್ಬಿ ಎಲ್ಲಿ?”

“ಯಜಮಾನರ ಬೀರುವಿನಲ್ಲಿ. ಬೀಗ ಹಾಕಿದೀವಿ,” ಎಂದ ಮಷಿನ್ ಮಾವ. ಮುದ್ರಣಯಂತ್ರ ನಡೆಸುವ ಅವನು ಅಲ್ಲಿ ಯಾರಿಗೂ ಮಾವನಲ್ಲ. ಕಂಡಕಂಡವರಿಗೆ ಬುದ್ಧಿ ಹೇಳಿ ಹೇಳಿ ಮಾವನಾಗಿದ್ದ. “ನಿಮ್ಮ ಒಳ್ಳೇದಕ್ಕೇ ಕಣ್ರೀ. ನಿಮಗೋಸ್ಕರ ನಾವೂ ಬಿಟ್ಟಿದೀವಿ. ಇವತ್ತಿಂದ ಇಡೀ ಪ್ರೆಸ್ಸಲ್ಲಿ ಕರಿದದ್ದಿಲ್ಲ, ಸಿಹಿಯಿಲ್ಲ.”

“ಬಿಡಿ ಅಂತ ನಾನು ಕೇಳಿದ್ನಾ?”

ನಿಜ ಹೇಳಬೇಕೆಂದರೆ, ಬಿಸ್ಕತ್ತು ಕಡಿಮೆ ಮಾಡಬೇಕೆಂದು ಹಿಂದಿನ ದಿನವೇ ಅವನು ತೀರ್ಮಾನಿಸಿದ್ದ. ಆದರೆ ತಾನಾಗಿ ಬಿಡುವುದು ಬೇರೆ, ಬೀಗ ಹಾಕಿ ಬಿಡಿಸುವುದು ಬೇರೆ. ಇಪ್ಪತ್ತು ವರ್ಷ ಊರಿನವರ ತಪ್ಪೆಲ್ಲ ತಿದ್ದಿದವನನ್ನು ಇವರು ತಿದ್ದುವುದೇ?

ಮಧ್ಯಾಹ್ನ ಒಂದು ತುಂಡು ಕೇಕನ್ನು ಅಂಗಿಯೊಳಗೆ ಅಡಗಿಸಿಕೊಂಡು ಕಾಗದದ ಗೋದಾಮಿಗೆ ನುಗ್ಗಿದ. ಬಾಯಿ ತೆರೆಯುವಷ್ಟರಲ್ಲಿ ಮಷಿನ್ ಮಾವ ಮೂಗರಳಿಸುತ್ತ ಪ್ರತ್ಯಕ್ಷನಾದ. “ಕಾಗದಕ್ಕೆ ವೆನಿಲಾ ವಾಸನೆ ಯಾವಾಗ ಬಂತು?” ಕೇಕೂ ಬೀರು ಸೇರಿತು.

ಹಸಿದ ಕಣ್ಣು ತನ್ನ ಕೆಲಸ ಮಾಡಿತು. ಯಾವುದೋ ಶಾಲೆಯ ಸ್ಮರಣ ಸಂಚಿಕೆಯಲ್ಲಿ ‘ಹಿರಿಯ ಶಿಕ್ಷಕರು’ ಎಂದಿದ್ದದ್ದನ್ನು ಅವನು ‘ಹುರಿದ ಶಿಕ್ಷಕರು’ ಎಂದು ತಿದ್ದಿಬಿಟ್ಟ.

“ಏನ್ರೀ ಇದು?” ಯಜಮಾನರು ಹಾಳೆ ಹಿಡಿದು ಬಂದರು. “ಹೊಟ್ಟೆ ಮೇಲೆ ಸ್ವಲ್ಪವೂ ಹಿಡಿತ ಇಲ್ವಾ?”

ಅಷ್ಟೇ. ಅವನು ಪೆನ್ನು ಕುಕ್ಕಿ ಎದ್ದ. ಎದುರಂಗಡಿಗೆ ಹೋಗಿ, ಇದ್ದುದರಲ್ಲೇ ದೊಡ್ಡದಾದ ಚಿಪ್ಸ್ ಪೊಟ್ಟಣ ತಂದು, ಕಾಗದದ ಕಟ್ಟಿನ ಮೇಲೆ ಹತ್ತಿ ನಿಂತ.

“ಎಲ್ಲರೂ ಕೇಳಿ! ಹೊಟ್ಟೆ ನಂದು, ಹಲ್ಲು ನಂದು. ಬಿಡೋದಿದ್ರೆ ನಾನೇ ಬಿಡ್ತೀನಿ. ಈಗ ನಿಮ್ಮೆದುರಿಗೇ ತಿಂತೀನಿ. ಯಾರು ತಡೀತೀರೋ ತಡೀರಿ!”

ಪರ್ ಎಂದು ಪೊಟ್ಟಣ ಹರಿಯಿತು. ಘಮ ಹಬ್ಬಿತು. ಯಾರೂ ತಡೆಯಲಿಲ್ಲ. ಮಷಿನ್ ಮಾವನ ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.

“ಒಂದೇ ಒಂದು ಕೊಡ್ರೀ,” ಎಂದ ಅವನು ಕ್ಷೀಣ ದನಿಯಲ್ಲಿ, “ಉಪ್ಪು ಜಾಸ್ತಿ ಇದ್ರೆ ನಿಮಗೆ ಒಳ್ಳೇದಲ್ಲ.”

“ನೀವು ಗಂಡಸ್ರು ಕಣ್ರೀ! ಬೆಳಗ್ಗಿಂದ ಜೀವ ಹೋಗ್ತಿತ್ತು,” ಎನ್ನುತ್ತ ಬೈಂಡಿಂಗ್ ಅಕ್ಕ ಹಿಡಿ ತುಂಬ ಬಾಚಿದಳು. ಯಜಮಾನರು ಎರಡೂ ಕೈ ಹಾಕಿದರು. ಪೊಟ್ಟಣ ಕೈಯಿಂದ ಕೈಗೆ ಹಾರಿ, ಜಯಘೋಷದ ನಡುವೆ ಬಂಡಾಯಗಾರನ ಕೈಗೆ ಮರಳಿದಾಗ ಅದರಲ್ಲಿ ಉಳಿದಿದ್ದು ಬರೀ ಗಾಳಿ.

ಆಗಲೇ ಅಕ್ಕನ ಫೋನ್ ಬಡಿದುಕೊಂಡಿತು. ಅವನ ಹೆಂಡತಿ; ದನಿ ಎಲ್ಲರಿಗೂ ಕೇಳುವಷ್ಟು ಜೋರು.

“ಇವರಾ? ಚಿಪ್ಸ್ ಕೈಯಲ್ಲೇ ಇತ್ತು,” ಎಂದಳು ಅಕ್ಕ ಬಾಯಿ ತುಂಬಿಕೊಂಡು, “ನಮಗೆಲ್ಲ ಹಂಚಿದ್ರು. ತಾವು ಒಂದೂ ಮುಟ್ಟಲಿಲ್ಲ!”

“ಅಯ್ಯೋ, ಇವರಿಗೆ ಇಷ್ಟು ಮನೋಬಲ ಇದೆ ಅಂತ ಗೊತ್ತೇ ಇರಲಿಲ್ಲ! ಹಾಗಾದ್ರೆ ನಾಳೆಯಿಂದ ಊಟಾನೂ ಅರ್ಧ ಮಾಡಬಹುದು.”

ಅವನು ಫೋನ್ ಕಿತ್ತುಕೊಂಡು ಗುಡುಗಿದ: “ನಾನು ಬಿಟ್ಟಿದ್ದಲ್ಲ ಕಣೇ! ನನಗೆ ಸಿಗಲಿಲ್ಲ!”

ಆ ಕಡೆಯಿಂದ ಹೆಮ್ಮೆಯಿಂದ ಗದ್ಗದವಾದ ದನಿ ಕೇಳಿತು.

“ನೋಡಿ, ವಿನಯ ಬೇರೆ!”