ಅವ್ವ ಹೂಂ ಅಂದರೆ ಗಾಡಿ

ಹಳೆಯ ಮೋಟಾರ್‌ಸೈಕಲ್ ಕೊಳ್ಳಲು ಏನೇನು ಬೇಕು? ಆರ್‌ಸಿ ಬೇಕು, ವಿಮೆ ಬೇಕು, ಜೇಬು ಗಟ್ಟಿಯಿರಬೇಕು ಎನ್ನುತ್ತೀರಿ. ಶಹಾಪುರದ ನನ್ನ ಸೋದರಮಾವನ ಅಂಗಡಿಗೆ ಬನ್ನಿ. ಅಲ್ಲಿ ಇವೆಲ್ಲ ಆಮೇಲೆ. ಮೊದಲು ತಾಯಿ ಬೇಕು!

ಮಾವ ಮಾರುವುದು ಸಾದಾ ಗಾಡಿಗಳನ್ನಲ್ಲ. ಹೈದರಾಬಾದಿನ ಶೋಕಿಲಾಲರು ಉದ್ದ ಮೂತಿ, ಎತ್ತರದ ಹ್ಯಾಂಡಲ್ಲು, ಅಗಲ ಟೈರು ಹಾಕಿಸಿ ಮೆರೆದು, ಮದುವೆಯಾದ ಮೇಲೆ ಮಾರಿಬಿಡುವ ಕ್ರೂಸರ್ ಬೈಕುಗಳು. ಓಡಿಸುವವನು ಹಗ್ಗದ ಮೇಲೆ ಬಟ್ಟೆ ಒಣಹಾಕುವವನಂತೆ ಕಾಣುತ್ತಾನೆ. 'ಇಲ್ಲಿ ಹಳೆಯ ಕ್ರೂಸರ್ ಸಿಗುತ್ತವೆ' ಎಂದು ಮಾವ ಬೋರ್ಡು ಬರೆಸಿದ್ದೇ ತಪ್ಪಾಯಿತು. ನಮ್ಮ ಕಡೆ ಕ್ರೂಸರ್ ಎಂದರೆ ಮಂದಿಯನ್ನು ತುಂಬಿಕೊಂಡು ಹೋಗುವ ಬಾಡಿಗೆ ಜೀಪು. ಒಂದು ಅಮಾವಾಸ್ಯೆಯ ಬೆಳಿಗ್ಗೆ ಬುತ್ತಿಗಂಟಿನ ಸಮೇತ ಹನ್ನೊಂದು ಮಂದಿ ಬಂದು ನಿಂತರು.

"ಅಬ್ಬೆತುಮಕೂರ ಮಠಕ್ಕ ಹೋಗಬೇಕ್ರಿ. ಕ್ರೂಸರ್ ಎಲ್ಲಿ ಅದರಿ?"

ಮಾವ ಬೈಕು ತೋರಿಸಿದ. ಹಿರಿಯರೊಬ್ಬರು ಅದರ ಸುತ್ತ ಒಂದು ಸುತ್ತು ಬಂದು, "ಉಳದದ್ದು ಎಲ್ಲಿ ಅದರಿ?" ಎಂದು ಕೇಳಿದರು.

ಇನ್ನು ತಾಯಿಯ ವಿಷಯ. ಶುರುವಿನಲ್ಲಿ ಮಾವ ವನದುರ್ಗದ ಹುಡುಗನೊಬ್ಬನಿಗೆ ಗಾಡಿ ಮಾರಿದ್ದ. ಮರುದಿನ ಅವನ ತಾಯಿ ಬಂದು ಅಂಗಡಿಯ ಮುಂದೆ ಕುಳಿತುಬಿಟ್ಟಳು. "ಇಂಥಾ ಗಾಡಿ ನಿನ್ನ ಮಗಗ ಕೊಡ್ತಿದ್ದೇನು?" ಮಾವನಿಗೆ ಮಕ್ಕಳಿಲ್ಲ. ಗಾಡಿ ವಾಪಸ್ ತೆಗೆದುಕೊಂಡ. ಅಂದಿನಿಂದ ಕಾನೂನಾಯಿತು: ಕೊಳ್ಳುವವನು ತಾಯಿಯನ್ನು ಕರೆತರಬೇಕು, ಹಿಂದೆ ಕೂರಿಸಿಕೊಂಡು ಕಾಲುವೆಯವರೆಗೆ ಹೋಗಿ ಬರಬೇಕು, ಇಳಿದ ಮೇಲೆ ಆಕೆ 'ಹೂಂ' ಅನ್ನಬೇಕು. ಇದಕ್ಕೆಂದೇ ಒಂಟಿ ಸೀಟಿನ ಬೈಕುಗಳಿಗೆಲ್ಲ ಹಿಂದೊಂದು ಮೆತ್ತನೆಯ ಸೀಟು ಕೂಡಿಸುತ್ತಾನೆ. ಹೀಗೆ ವ್ಯಾಪಾರ ಮಾಡಿದರೆ ಉದ್ಧಾರವಾದೀತೇ, ನೀವೇ ಹೇಳಿ.

ಸುರಪುರದ ಚಾಲಾಕಿಯೊಬ್ಬ ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಮುದುಕಿಯನ್ನೇ ತಾಯಿ ಮಾಡಿ ಕರೆತಂದ. ಮಾವನಿಗೆ ಗುಮಾನಿ ಬಂತು.

"ಯವ್ವಾ, ನಿಮ್ಮ ಮಗಗ ಬಿಸಿ ರೊಟ್ಟಿ ಸೇರ್ತದೋ, ಖಡಕ್ ರೊಟ್ಟಿನೋ?"

ಮುದುಕಿ ಹುಡುಗನ ಕಡೆ ತಿರುಗಿದಳು. "ಯಾವ್ದು ಸೇರ್ತದೋ ತಮ್ಮಾ? ಇದೊಂದು ನೀ ಹೇಳೇ ಇಲ್ಲಲ್ಲ."

ವ್ಯಾಪಾರ ಮುರಿಯಿತು. ಬಂದಾಕೆಯನ್ನು ಸುಮ್ಮನೆ ಕಳಿಸಬಾರದೆಂದು ಮಾವ ಒಂದು ಸುತ್ತು ಹಾಕಿಸಿದ. ಕಾಲುವೆಯಿಂದ ಮರಳಿದ ಮುದುಕಿ ಗಾಡಿಯಿಂದ ಇಳಿಯಲೊಲ್ಲಳು. "ಹೂಂ ಅಂತೀನಿ, ನನಗ ಕೊಡ್ರಿ" ಎಂದಳು.

ನನಗೂ ಅಲ್ಲೊಂದು ಗಾಡಿಯ ಮೇಲೆ ಜೀವ ಹತ್ತಿತ್ತು. ಕಪ್ಪು ಟಾಂಕಿ, ಹಳದಿ ಪಟ್ಟಿ. ಮೂರು ತಿಂಗಳಿಂದ ಪ್ರತಿ ಭಾನುವಾರ ಯಾದಗಿರಿಯಿಂದ ಬಸ್ಸು ಹತ್ತಿ ಬಂದು ಅದನ್ನು ಒರೆಸಿ ಹೋಗುತ್ತಿದ್ದೆ. ಕೇಳಲು ಮಾತ್ರ ಧೈರ್ಯ ಬರುತ್ತಿರಲಿಲ್ಲ. ನನ್ನ ಅವ್ವ, ಅಂದರೆ ಮಾವನ ಒಬ್ಬಳೇ ಅಕ್ಕ, ಹೋದ ವರ್ಷ ತೀರಿಕೊಂಡಿದ್ದಾಳೆ. ಕೊನೆಗೆ ಕಲಬುರಗಿಯವನೊಬ್ಬ ಅದೇ ಗಾಡಿಗೆ ತಾಯಿಯನ್ನು ಕರೆತರುತ್ತೇನೆಂದು ಫೋನು ಮಾಡಿದ ದಿನ ಬಾಯಿಬಿಟ್ಟೆ.

"ಮಾವ, ಆ ಗಾಡಿ ನನಗ ಬೇಕು. ಅವ್ವನ್ನ ಎಲ್ಲಿಂದ ತರಲಿ?"

ಮಾವ ಕೈಯ ಗ್ರೀಸು ತೊಳೆದುಕೊಂಡ. ಹಿಂದಿನ ಸೀಟಿನ ಮೇಲೆ, ಹೆಂಗಸರಂತೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕುಳಿತ. "ನಡಿ ಅಳಿಯಾ" ಎಂದ.

ದಪ್ಪ ಮೀಸೆಯ ಗಂಡಸು ಹಾಗೆ ಕುಳಿತದ್ದನ್ನು ನೋಡಿ ಬಜಾರೆಲ್ಲ ನಕ್ಕಿತು. ನಾನೂ ನಕ್ಕೆ. ಕಾಲುವೆಯ ದಾರಿಯಲ್ಲಿ ಗಾಡಿ ಸ್ವಲ್ಪ ಜೋರಾದಾಗ ಅವನ ಕೈ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. "ಸಾವಕಾಶ ಹೋಗು, ನನ್ನಪ್ಪಾ" ಎಂದ. ಅವ್ವ ಹಾಗೇ ಅನ್ನುತ್ತಿದ್ದಳು. ನನಗೆ ಅಳು ಬಂದುಬಿಟ್ಟಿತು.

ಅಂಗಡಿಯ ಮುಂದೆ ಇಳಿದ ಮೇಲೂ ಮಾವ 'ಹೂಂ' ಅನ್ನಲಿಲ್ಲ. ಟಾಂಕಿಯ ಮೇಲೆ ಕೈಯಿಟ್ಟ.

"ಅಕ್ಕ ಇದ್ದಿದ್ರ ಬ್ಯಾಡ ಅಂತಿದ್ಲು" ಎಂದ. ಆಮೇಲೆ ಕೀಲಿಯನ್ನು ನನ್ನ ಕೈಗಿಟ್ಟ. "ತಗೊಂಡು ಹೋಗು. ಅಕ್ಕಗ ನಾ ಹೇಳ್ಕೋತೀನಿ."