ಹಳೇ ಪುಸ್ತಕ ನಡೀತದಾ ಮೇಡಂ?

ಬಂಗಾರಪೇಟೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಕಾಲೇಜು ಶುರುವಾಯಿತೆಂದರೆ ಮೊದಲ ಪ್ರಶ್ನೆ ಬರುವುದು ಪಾಠದ ಮೇಲಲ್ಲ, ಪುಸ್ತಕದ ಮೇಲೆ. ಕೇಳುವವರ ಜಾಣತನ ನೋಡಿದರೆ ಮಾತ್ರ ಬೇಜಾರೇ ಆಗುವುದಿಲ್ಲ.

ಪರಿಷ್ಕೃತ

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳಿಗೆ ಯಾರೋ ಹಳೇ ಮುದ್ರಣ ಕೊಟ್ಟಿದ್ದರು. ಪರಿಷ್ಕೃತ ಮುದ್ರಣ ಬಂದಿದೆ, ಹೊಸದೇ ಬೇಕು ಎಂದೆ. ಅವಳ ತಾಯಿ ಕೂಲಿಗೆ ಹೋಗುವವರು. ಅವಳು ವಾದ ಮಾಡಲಿಲ್ಲ, "ಏನೇನು ಬದಲಾಗೈತೆ ಹೇಳಿ ಮೇಡಂ, ಅಷ್ಟು ಬರ್ಕೊಂತೀನಿ" ಎಂದಳು.

ನ್ಯಾಯವಾದ ಮಾತು. ಸ್ಟಾಫ್ ರೂಮಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಮೊದಲ ಪಾಠ ಮೂರನೆಯದಾಗಿತ್ತು, ರಕ್ಷಾಪುಟ ನೀಲಿ ಹೋಗಿ ಹಸಿರಾಗಿತ್ತು. ಹೊಸದಾಗಿ ಸೇರಿದ್ದು ಅಂತ ಸಿಕ್ಕಿದ್ದು ಅಚ್ಚಿನ ತಪ್ಪುಗಳು ಮಾತ್ರ. ಅವನ್ನು ಬರ್ಕೊಬೇಡಮ್ಮ ಎಂದು ಹೇಳಿ ಕಳಿಸಿದೆ.

ತೆರಿಗೆ

ಇನ್ನೊಬ್ಬ ತನ್ನ ಅಪ್ಪ ಓದಿದ ಪುಸ್ತಕವನ್ನೇ ತಂದಿದ್ದ. ಅಪ್ಪ ಅದನ್ನು ಹರಿಯದಂತೆ ಕಾಪಾಡಿದ್ದು ನೋಡಿ ಮನಸ್ಸು ತುಂಬಿತು. ಆದರೂ, ಜಿಎಸ್‌ಟಿ ಬಂದಿದೆ, ಇದರಲ್ಲಿರುವ ಮಾರಾಟ ತೆರಿಗೆ ಪಾಠ ಈಗಿಲ್ಲ, ಹೊಸದು ತಗೋ ಎಂದೆ.

ಮರುದಿನ ಡೇರಿಗೆ ಹಾಲು ಹಾಕಿ ಅಪ್ಪನೇ ಬಂದರು. ಪುಸ್ತಕದ ತಕರಾರಿರಬೇಕು ಅಂದುಕೊಂಡೆ.

"ತೆರಿಗೆ ಓಗೈತಂತೆ, ಮಗ ಏಳ್ದ. ನಿಜಾನಾ ಮೇಡಂ?"

ಹೆಸರು ಬದಲಾಗಿದೆ ಅಷ್ಟೆ, ಕಟ್ಟುವುದು ಇದ್ದೇ ಇದೆ ಎಂದೆ.

"ಅಂಗಾದ್ರೆ ಒಸ ಪುಸ್ತಕಾನೇ ಕೊಡಿಸ್ತೀನಿ ಬುಡಿ. ಕಟ್ಟೋದಂತೂ ತಪ್ಪಲಿಲ್ಲ, ಯಾಕೆ ಕಟ್ತೀವಿ ಅಂತ ಇವನಾದ್ರೂ ಓದ್ಕೊಳ್ಳಲಿ" ಎಂದು ಹೊರಟರು.

ಪಾನಿಪುರಿ

ತಿನ್ನುತ್ತಾ ಹೋದಂತೆ ತೃಪ್ತಿ ಇಳಿಯುತ್ತದೆ ಎನ್ನುವ ನಿಯಮ ಹೇಳಿಕೊಡುತ್ತಿದ್ದೆ. ಮೊದಲ ಪ್ಲೇಟ್ ಪಾನಿಪುರಿ ಅಮೃತ, ಎರಡನೆಯದು ರುಚಿ, ಆಮೇಲಾಮೇಲೆ ಸಾಕು ಸಾಕು ಎನ್ನುವಷ್ಟರಲ್ಲಿ ಉರಿಗಾಂನಿಂದ ಬರುವ ಮುಂದಿನ ಬೆಂಚಿನ ಹುಡುಗಿ ಗೊಳ್ಳನೆ ನಕ್ಕಳು. ನಾನಿನ್ನೂ ಜೋಕ್ ಹೇಳಿರಲಿಲ್ಲ.

ಯಾಕೆ ನಕ್ಕೆ ಎಂದರೆ ತಲೆ ತಗ್ಗಿಸಿ ಪುಸ್ತಕ ಮುಂದೆ ಹಿಡಿದಳು. ಅದು ಅವಳ ಅಕ್ಕನದು. ಅಕ್ಕನೂ ನನ್ನ ವಿದ್ಯಾರ್ಥಿನಿ, ತರಗತಿಗೇ ಮೊದಲಿಗಳಾಗಿದ್ದವಳು. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು: "ಬಂಗಾರಪೇಟೆ ಪಾನಿಪುರಿಗೆ ಈ ನಿಯಮ ಅನ್ವಯಿಸಲ್ಲ ಅಂತ ಮೇಡಂ ಇಲ್ಲಿ ಜೋಕ್ ಹೇಳ್ತಾರೆ. ನಗಬೇಕು."

ಪಾಠದಷ್ಟೇ ಶ್ರದ್ಧೆಯಿಂದ ನನ್ನ ಜೋಕನ್ನೂ ಗುರುತು ಹಾಕಿಕೊಂಡವಳ ಮೇಲೆ ಸಿಟ್ಟು ಹೇಗೆ ಬರಬೇಕು? ನಾನೇ ನಕ್ಕುಬಿಟ್ಟೆ. ಈ ಪುಸ್ತಕ ಧಾರಾಳವಾಗಿ ನಡೆಯುತ್ತದೆ, ಕೂತ್ಕೋ ಎಂದೆ.

ಬೋರ್ಡಿನ ಕಡೆ ತಿರುಗಿದಾಗ ಹಿಂದಿನಿಂದ ಪಿಸುಮಾತು ಕೇಳಿಸಿತು. ಪಕ್ಕದವಳು ತನ್ನ ಹೊಚ್ಚಹೊಸ ಪುಸ್ತಕವನ್ನು ಅವಳತ್ತ ತಳ್ಳುತ್ತಿದ್ದಳು: "ಎಲ್ಲೆಲ್ಲಿ ನಗಬೇಕು ಅಂತ ನನ್ನದ್ರಲ್ಲೂ ಒಂಚೂರು ಬರ್ಕೊಡೇ."