ವಾಕ್ ಸೈಕಲ್

ಒಮ್ಮೆ ಕಂಡದ್ದನ್ನು ನನ್ನ ಕಣ್ಣು ಮರೆತ ಉದಾಹರಣೆ ಇಡೀ ಹೊನ್ನಾಳಿ ತಾಲ್ಲೂಕಿನಲ್ಲಿಲ್ಲ. ಮೂವತ್ನಾಲ್ಕು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಬೋರ್ಡಿನ ಮೇಲೆ ಮಾವಿನಹಣ್ಣು ಬರೆದರೆ ನೊಣಗಳು ಬಂದು ಕೂರುತ್ತಿದ್ದವು. ಹುಲಿ ಬರೆದ ದಿನ ಹೆಡ್ಮಾಸ್ಟರು ರಜೆ ಹಾಕಿದರು. ತುಂಗಭದ್ರೆಯನ್ನು ಬರೆದಾಗ ಮುಂದಿನ ಬೆಂಚಿನ ಹುಡುಗರಿಗೆಲ್ಲ ನೆಗಡಿಯಾಯಿತು. ಅಂಥವನಿಗೆ, ನಲವತ್ತೊಂದು ವರ್ಷ ಜೊತೆಗಿದ್ದ ಹೆಂಡತಿಯನ್ನು ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕು ಹೆಜ್ಜೆ ನಡೆಸುವುದು ಯಾವ ಮಹಾ ವಿದ್ಯೆ?

ನಡೆಸಬೇಕಾಗಿ ಬಂದದ್ದು ಅವಳು ನಡೆಯುವುದು ನಿಂತು ಹದಿನಾಲ್ಕು ತಿಂಗಳಾಗಿದ್ದರಿಂದ. ಲಕ್ವ ಹೊಡೆದು ಕಸ್ತೂರಮ್ಮನ ಬಲಗೈ, ಬಲಗಾಲು ಸುಮ್ಮನಾದವು. ನಡೆನುಡಿಯಲ್ಲಿ ನಡೆ ಹೋಯಿತು, ನುಡಿ ಉಳಿಯಿತು. (ನುಡಿಗೆ ಬಲ ಜಾಸ್ತಿಯೇ ಬಂತು ಎಂಬುದು ಪೀಡಿತನ ಹೇಳಿಕೆ.) ಆಸ್ಪತ್ರೆಯವರು ಹೇಳಿದರೆಂದು ಗಾಲಿ ಕುರ್ಚಿ ತಂದೆವು. ಜನ ನೋಡುತ್ತಾರೆಂದು ಅವಳು ಅದನ್ನು ಅಂಗಳ ದಾಟಲು ಬಿಡಲಿಲ್ಲ.

ಒಂದು ಬೆಳಿಗ್ಗೆ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ.

"ರೀ, ನಾನು ಹೆಂಗೆ ನಡೀತಿದ್ದೆ?"

"ಹೆಂಗಂದ್ರೆ? ಕಾಲಿನಾಗೆ."

"ತಮಾಷೆ ಬ್ಯಾಡ. ಕನಸಿನಾಗೂ ಕುಂತೇ ಇರ್ತೀನಿ ಈಗ. ನಡೆಯೋದು ಹೆಂಗಿತ್ತು ಅಂತ ಮರೆತಂಗಾಗೈತೆ. ನೀವು ಚಿತ್ರ ಬರೆಯೋರು, ಒಂದ್ಸಲ ತೋರಿಸ್ರಿ ನೋಡಾನ."

ಎಣ್ಣೆ ಕೈ ಅಲ್ಲೇ ನಿಂತಿತು. ಆವತ್ತೇ ಭೀಷ್ಮ ಪ್ರತಿಜ್ಞೆ ಮಾಡಿದೆ. ದಾವಣಗೆರೆಯ ಹಳೆ ಪುಸ್ತಕದಂಗಡಿಯಿಂದ, ಗೊಂಬೆಗೆ ಕಂಪ್ಯೂಟರಿನಲ್ಲಿ ಜೀವ ಬರಿಸುವ ವಿದ್ಯೆಯ ಮೂರು ಇಂಗ್ಲಿಷ್ ಗ್ರಂಥಗಳನ್ನು ಹೊತ್ತು ತಂದೆ. ಒಂದೊಂದೂ ಎಷ್ಟು ದಪ್ಪವೆಂದರೆ, ಇಳಿಸಿದ ಕೂಡಲೇ ಬಸ್ಸು ನಿಟ್ಟುಸಿರು ಬಿಟ್ಟು ಒಂದು ಗೇಣು ಮೇಲೆದ್ದಿತು.

"ಮೊಬೈಲಿನಾಗೆ ನೋಡಿ ಕಲೀಬಹುದಲ್ಲಪ್ಪ," ಎಂದಳು ಮಗಳು ಶಾಂತಲಾ. ತಾಯಿಗೆ ಹೀಗಾದ ಮೇಲೆ ಅವಳು ಗಂಡನ ಮನೆಯಿಂದ ಬಂದು ನಮ್ಮ ಜೊತೆಗೇ ಇದ್ದು ನ್ಯಾಮತಿಗೆ ಕೆಲಸಕ್ಕೆ ಹೋಗಿ ಬರುತ್ತಾಳೆ, ಕಂಪ್ಯೂಟರೂ ಅವಳದೇ.

"ಪುಸ್ತಕ ಇಲ್ದೆ ಕಲಿತಿದ್ದು ಕಾಪಿ ಹೊಡೆದಂಗೆ," ಎಂದೆ. ಮೇಷ್ಟ್ರ ಮರ್ಯಾದೆ ಎನ್ನುವುದೊಂದಿದೆಯಲ್ಲ.

ಮೊದಲನೆಯ ಗ್ರಂಥದ ಪ್ರಕಾರ ಗೊಂಬೆಯ ಒಳಗೆ ಮೂಳೆ ಜೋಡಿಸಬೇಕು. ಒಂದು ತಿಂಗಳು ಜೋಡಿಸಿದೆ. ಮಂಡಿ ಉಲ್ಟಾ ಮಡಚಿತು, ತಲೆ ಹೊಟ್ಟೆಯೊಳಗೆ ಹೋಗಿ ಕೂತಿತು.

"ಇದು ನಾನಾ?" ಎಂದಳು ಕಸ್ತೂರಮ್ಮ. "ಲಕ್ವನೇ ವಾಸಿ."

ಎರಡನೆಯ ಗ್ರಂಥದಲ್ಲಿ ಬಂತು, 'ವಾಕ್ ಸೈಕಲ್'. ಎರಡು ಹೆಜ್ಜೆ ಸರಿಯಾಗಿ ಕೂರಿಸಿದರೆ ಸಾಕು, ಅದೇ ಸುತ್ತಿ ಸುತ್ತಿ ಬಂದು ಗೊಂಬೆ ಪ್ರಳಯದವರೆಗೂ ನಡೆಯುತ್ತದಂತೆ. ಇದನ್ನು ಅವಳಿಗೆ ಸವಿಸ್ತಾರವಾಗಿ ಬೋಧಿಸಿದೆ.

"ವಾಕ್ ಅಂದ್ರೆ ನಡೆಯೋದು, ಸೈಕಲ್ ಅಂದ್ರೆ ತುಳಿಯೋದು. ಎರಡೂ ಒಟ್ಟಿಗೆ ಹೆಂಗ್ರೀ?"

"ನಿಂಗೆ ಅರ್ಥ ಆಗಲ್ಲ ಬಿಡು," ಎಂದೆ. ('ವಾಕ್' ಎಂದರೆ ಮಾತು ಎಂದೂ ಅರ್ಥವಿದೆ. ಆ ಸೈಕಲ್ಲು ನಮ್ಮ ಮನೆಯಲ್ಲಿ ನಲವತ್ತೊಂದು ವರ್ಷದಿಂದ ಪಂಕ್ಚರ್ ಆಗದೆ ಸುತ್ತುತ್ತಿದೆ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ.)

ಮೂರನೆಯ ಗ್ರಂಥ, ಕನ್ನಡಿಯ ಮುಂದೆ ನೀನೇ ನಡೆದು ನೋಡು ಎಂದಿತು. ನಡೆದೆ. ಕಾಲು ನೆಲಕ್ಕೆ ತಾಗುವುದು, ಮೈ ತಗ್ಗುವುದು, ಇನ್ನೊಂದು ಕಾಲು ದಾಟುವುದು, ಮೈ ಏಳುವುದು, ಎಲ್ಲ ಗುರುತು ಮಾಡಿಕೊಂಡೆ. ಐದನೆಯ ತಿಂಗಳಿಗೆ ಹಸಿರು ಸೀರೆ, ತುರುಬಿನ ಗೊಂಬೆ ಪರದೆಯ ಈ ತುದಿಯಿಂದ ಆ ತುದಿಗೆ ಬೀಳದೆ ನಡೆಯಿತು. ಬ್ರಹ್ಮನಿಗೂ ಮೊದಲನೆಯ ಸಲ ಇಷ್ಟು ಸಂತೋಷವಾಗಿರಲಿಕ್ಕಿಲ್ಲ.

ಭಾನುವಾರ ಕಸ್ತೂರಮ್ಮನನ್ನು ಪರದೆಯ ಮುಂದೆ ಕೂರಿಸಿದೆ. ಪಕ್ಕದ ಮನೆಯ ಅಂಜಿನಮ್ಮನೂ ಬಂದು ನಿಂತಳು. ಗೊಂಬೆ ಹೋಯಿತು, ಬಂತು, ಹೋಯಿತು.

"ಇದು ನಾನಲ್ಲ," ಎಂದಳು ಕಸ್ತೂರಮ್ಮ. "ಇದು ಸೀರೆ ಉಟ್ಟ ನೀವು."

ಅಂಜಿನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಎದಿ ಮುಂದೆ, ಹೊಟ್ಟೆ ಅದರ ಮುಂದೆ. ಬಲಗಾಲು ಹೊರಗೆ ಎಸಿತೀರಿ, ಅದಕ್ಕೇ ಆ ಚಪ್ಪಲಿ ಒಂದೇ ಕಡೆ ಸವಿತೈತೆ. ಎರಡು ಹೆಜ್ಜಿಗೊಂದ್ಸಲ ಕೈ ಪಂಚೆ ಎತ್ತಾಕೆ ಹೋಗ್ತೈತೆ. ಇದೂ ಹೋಗ್ತೈತೆ ನೋಡ್ರಿ, ಸೀರಿಯಾಗೆ."

ಹೌದು, ಹೋಗುತ್ತಿತ್ತು.

"ಹಂಗಾದ್ರೆ ನೀನು ಹೆಂಗೆ ನಡೀತಿದ್ದೆ ಹೇಳು, ತಿದ್ತೀನಿ."

"ನನ್ನ ಕೇಳ್ತೀರಾ? ನನಗೆ ಮರೆತೈತೆ ಅಂತ ತಾನೇ ನಿಮ್ಮನ್ನ ಕೇಳಿದ್ದು. ನೀವು ನೋಡಿಲ್ವಾ?"

ಕಣ್ಣು ಮುಚ್ಚಿದೆ. ಎಮ್ಮೆ ನಡೆಯುವುದು ಕಂಡಿತು. ಹೆಡ್ಮಾಸ್ಟರು ಕುಂಟುವುದು ಕಂಡಿತು. ಇವಳು ಕಾಣಲಿಲ್ಲ. ಸಂತೆಗೆ, ನಲ್ಲೂರಿನ ಬೀಗರ ಮನೆಗೆ, ಬಸ್ ಸ್ಟ್ಯಾಂಡಿಗೆ ಎಲ್ಲಿಗೆ ಹೋದರೂ ಗಂಡಸು ಮುಂದೆ, ಹೆಂಗಸು ಹತ್ತು ಹೆಜ್ಜೆ ಹಿಂದೆ. ನಲವತ್ತೊಂದು ವರ್ಷ ಅವಳು ನನ್ನ ಬೆನ್ನು ನೋಡಿಕೊಂಡು ಬಂದಳು. ನಾನು ರಸ್ತೆ ನೋಡಿಕೊಂಡು ಹೋದೆ.

ಶಾಂತಲಾ ತನ್ನ ಮದುವೆಯ ವಿಡಿಯೋ ಹಾಕಿದಳು. ಅದರಲ್ಲಿ ನಾನು ಹದಿನೇಳು ಸಲ ನಡೆಯುತ್ತೇನೆ. ಕಸ್ತೂರಮ್ಮ ಎರಡು ಸಲ ಕಾಣುತ್ತಾಳೆ, ಎರಡು ಸಲವೂ ಕೂತಿದ್ದಾಳೆ.

"ಅಕ್ಕ ನಡೆದಿದ್ದೆಲ್ಲಿ ಮೇಷ್ಟ್ರೇ?" ಎಂದಳು ಅಂಜಿನಮ್ಮ. "ನಿಮ್ಮನ್ನ ಹಿಡಿಯಾಕೆ ಓಡೋರು. ಒಂದು ಕೈಯಾಗೆ ಚೀಲ, ಇನ್ನೊಂದರಾಗೆ ನೆರಿಗೆ. ಮೂಲಿಯಾಗೆ ನಿಂತು ಒಂದೀಟು ಉಸಿರು ಬಿಟ್ಟು, ಮತ್ತೆ ಓಡೋರು."

ಮೂರು ಗ್ರಂಥಗಳಲ್ಲಿ ಹಿಂದಕ್ಕೆ ತಿರುಗಿ ನೋಡುವುದು ಹೇಗೆಂಬ ಅಧ್ಯಾಯವಿರಲಿಲ್ಲ. ಕಂಪ್ಯೂಟರು ಆರಿಸಿ, ತಲೆ ತಗ್ಗಿಸಿ ಕೂತೆ.

ಕಸ್ತೂರಮ್ಮನೇ ಅಂದಳು, "ಆ ಗಾಲಿ ಕುರ್ಚಿ ತರ್ರಿ. ಹೊಳಿ ಕಡಿಗೆ ಹೋಗಾನ."

"ಜನ ನೋಡ್ತಾರೆ ಅಂತಿದ್ದೆ?"

"ನೋಡ್ಲಿ. ನೀವಂತೂ ನೋಡಲಿಲ್ಲ, ಜನನಾದ್ರೂ ನೋಡ್ಲಿ."

ಅಂಗಳ ದಾಟಿದೆವು. ಮೊದಲ ಬಾರಿಗೆ ಅವಳು ಮುಂದೆ, ನಾನು ಹಿಂದೆ. ಅವಳ ಕತ್ತಿನ ಹಿಂದೆ, ತುರುಬಿನ ಕೆಳಗೆ, ಹುರುಳಿಕಾಳಿನಷ್ಟು ಮಚ್ಚೆಯೊಂದಿತ್ತು. ನಲವತ್ತೊಂದು ವರ್ಷದ ಮೇಲೆ ನಮ್ಮಿಬ್ಬರ ಪರಿಚಯವಾಯಿತು. ಕಣ್ಣು ಮಂಜಾಯಿತು. ಹಳೆಯ ಚಾಳಿ ನೋಡಿ, ಮುಜುಗರವಾದರೆ ನನ್ನ ಕಾಲು ಬಿರುಸಾಗುತ್ತದೆ; ಕುರ್ಚಿಯೂ ಗಡಗಡನೆ ಓಡಿತು.

"ಈಗ ತಿಳೀತು ನಿಮ್ಮ ಪುಸ್ತಕ," ಎಂದಳು ತಿರುಗದೆ. "ವಾಕ್ ಸೈಕಲ್ ಅಂದ್ರೆ ಇದೇ. ನೀವು ವಾಕು, ನಾನು ಸೈಕಲ್ಲು. ಮೆಲ್ಲಗೆ ತಳ್ರಿ. ಇವತ್ತು ನಾನು ಯಾರನ್ನೂ ಓಡಿ ಹಿಡೀಬೇಕಾಗಿಲ್ಲ."